ನಿಂತುಹೋದ ತಂತ್ರಾಂಶದ ಹಳೆಯ ಕಡತಗಳು: ತೆರೆಯುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ?

ಓದುಗರ ಪ್ರಶ್ನೆ: ನಮ್ಮದೊಂದು ಸಣ್ಣ ಸಂಘ. ಕಾರ್ಯದರ್ಶಿಯ ಹೊಣೆ ಈಚೆಗೆ ನನ್ನ ಪಾಲಿಗೆ ಬಂದಿದೆ. ಹಿಂದಿನ ಕಾರ್ಯದರ್ಶಿಗಳು ಸಂಘದ ಹಳೆಯ ದಾಖಲೆಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ತುಂಬಿ ಕೊಟ್ಟಿದ್ದಾರೆ. 1980ರ ದಶಕದ ಕೊನೆಯ ಸಭಾ ನಡಾವಳಿಗಳು ವರ್ಡ್‌ಸ್ಟಾರ್ ಎಂಬ ಹಳೆಯ ಬರವಣಿಗೆಯ ತಂತ್ರಾಂಶದಲ್ಲಿ ಇಂಗ್ಲಿಷಿನಲ್ಲಿವೆ. ಆಮೇಲಿನ ಪತ್ರವ್ಯವಹಾರ ಮೈಕ್ರೋಸಾಫ್ಟ್ ವರ್ಕ್ಸ್ ಮತ್ತು ಹಳೆಯ ವರ್ಡ್‌ನಲ್ಲಿ, ಲೆಕ್ಕಪತ್ರ ಲೋಟಸ್‌ನಲ್ಲಿ, ಕನ್ನಡದ ವಾರ್ಷಿಕ ಸಂಚಿಕೆಗಳು ಪುಟವಿನ್ಯಾಸದ ಪೇಜ್‌ಮೇಕರ್‌ನಲ್ಲಿ ಇವೆ. ಈಗಿನ ಕಂಪ್ಯೂಟರಿನಲ್ಲಿ ಹೆಚ್ಚಿನವು ತೆರೆಯುವುದೇ ಇಲ್ಲ. ತೆರೆದವುಗಳಲ್ಲಿ ಅರ್ಥವಾಗದ ಚಿಹ್ನೆಗಳು ಕಾಣುತ್ತವೆ. ಕಡತದ ಎಕ್ಸ್‌ಟೆನ್ಷನ್ (ಹೆಸರಿನ ಕೊನೆಯಲ್ಲಿ ಚುಕ್ಕಿಯ ನಂತರ ಬರುವ ಅಕ್ಷರಗಳು) ಬದಲಿಸಿ ನೋಡಿದೆ, ಪ್ರಯೋಜನವಾಗಲಿಲ್ಲ. ಇಷ್ಟು ವರ್ಷ ತೆರೆಯದೆ ಇಟ್ಟ ಫೈಲು ತಾನಾಗಿಯೇ ಕೆಟ್ಟುಹೋಗುತ್ತದೆ, ಆಸೆ ಬಿಡಿ ಎಂದು ಒಬ್ಬ ಗೆಳೆಯರು ಹೇಳುತ್ತಾರೆ. ಯಾವುದಾದರೂ ಆನ್‌ಲೈನ್ ಪರಿವರ್ತಕಕ್ಕೆ ಹಾಕಿಬಿಡಿ ಎನ್ನುತ್ತಾರೆ ಮತ್ತೊಬ್ಬರು. ನಾನು ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಬೆರೆತುಕೊಂಡಿವೆ. ಕಡತಗಳು ಹಾಳಾಗಿರಬಹುದೇ ಎಂಬುದು ಒಂದು. ಹಾಳಾಗಿರದಿದ್ದರೂ ಅವನ್ನು ಓದುವ ದಾರಿ ಉಳಿದಿದೆಯೇ ಎಂಬುದು ಇನ್ನೊಂದು. ಇವೆರಡನ್ನೂ ಬೇರ್ಪಡಿಸಿಕೊಂಡರೆ ಅರ್ಧ ಕೆಲಸ ಹಗುರವಾಗುತ್ತದೆ. ನೀವು ವಿವರಿಸಿದ ಲಕ್ಷಣಗಳನ್ನು ನೋಡಿದರೆ ನಿಮ್ಮ ಬಹುಪಾಲು ಕಡತಗಳು ಕ್ಷೇಮವಾಗಿವೆ, ಅವುಗಳ ಒಳಗಿನ ವ್ಯವಸ್ಥೆಯನ್ನು ಬಲ್ಲ ತಂತ್ರಾಂಶ ಮಾತ್ರ ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲ ಎಂದೇ ನನಗೆ ಅನ್ನಿಸುತ್ತದೆ.

ತೆರೆಯದೆ ಇಟ್ಟ ಕಾರಣಕ್ಕೆ ಯಾವ ಕಡತವೂ ಕೆಡುವುದಿಲ್ಲ. ಕೆಡುವುದು ಅದು ಕುಳಿತಿರುವ ಮಾಧ್ಯಮ: ಫ್ಲಾಪಿಯ ಕಾಂತೀಯ ಲೇಪ ಸವೆಯುತ್ತದೆ, ಹಾರ್ಡ್ ಡಿಸ್ಕ್ ಕೈಕೊಡುತ್ತದೆ, ವರ್ಷಗಟ್ಟಲೆ ವಿದ್ಯುತ್ ಕಾಣದ ಪೆನ್‌ಡ್ರೈವ್‌ನಲ್ಲಿಯೂ ದತ್ತಾಂಶ ಮಾಸಬಹುದು. ಫ್ಲಾಪಿಯಿಂದ ಹಾರ್ಡ್ ಡಿಸ್ಕಿಗೆ, ಅಲ್ಲಿಂದ ಪೆನ್‌ಡ್ರೈವಿಗೆ ಸರಿಯಾಗಿ ನಕಲಾದ ಕಡತವು ಮೂವತ್ತು ವರ್ಷದ ಹಿಂದೆ ಹೇಗಿತ್ತೋ ಇಂದಿಗೂ ಬೈಟು ಬೈಟಿಗೂ ಹಾಗೆಯೇ ಇರುತ್ತದೆ. ನಿಜವಾಗಿಯೂ ಹಾನಿಯಾದ ಕಡತದ ಗುರುತುಗಳು ಬೇರೆ. ಅದರ ಗಾತ್ರ ಸೊನ್ನೆ ಎಂದು ತೋರಿಸುತ್ತದೆ, ಇಲ್ಲವೇ ಅದೇ ಬಗೆಯ ಇತರ ಕಡತಗಳಿಗಿಂತ ತೀರಾ ಚಿಕ್ಕದಾಗಿರುತ್ತದೆ, ಇಲ್ಲವೇ ನಕಲು ಮಾಡುವಾಗ ಓದಲಾಗುತ್ತಿಲ್ಲ ಎಂಬ ಸೂಚನೆ ಬರುತ್ತದೆ. ಒಂದೇ ಕಾಲದ ಹತ್ತು ಕಡತಗಳೂ ಒಂದೇ ರೀತಿಯ ವಿಚಿತ್ರ ಚಿಹ್ನೆಗಳನ್ನು ತೋರಿಸುತ್ತಿದ್ದರೆ ಅದನ್ನು ಒಳ್ಳೆಯ ಸುದ್ದಿ ಎಂದೇ ತಿಳಿಯಿರಿ. ಹಾನಿ ಅಷ್ಟು ಕ್ರಮಬದ್ಧವಾಗಿ ಆಗುವುದಿಲ್ಲ.

ಎಕ್ಸ್‌ಟೆನ್ಷನ್ ಬದಲಿಸುವುದರಿಂದ ಕಡತದ ಒಳಗಿನ ಒಂದು ಬೈಟೂ ಬದಲಾಗುವುದಿಲ್ಲ. ಯಾವ ತಂತ್ರಾಂಶವನ್ನು ಕರೆಯಬೇಕು ಎಂದು ವಿಂಡೋಸ್‌ಗೆ ಕೊಡುವ ಸೂಚನೆಯಷ್ಟೇ ಬದಲಾಗುತ್ತದೆ. ನೀವು ಬದಲಿಸಿದ ಹೆಸರುಗಳನ್ನು ಮೊದಲಿನಂತೆಯೇ ಮಾಡಿಬಿಡಿ, ಏಕೆಂದರೆ ಹಳೆಯ ಹೆಸರೂ ಒಂದು ಸುಳಿವು. ಅದು ಪೂರ್ತಿ ನಂಬಬಹುದಾದ ಸುಳಿವಲ್ಲ ಎಂಬುದೂ ನೆನಪಿರಲಿ. ಡಬ್ಲ್ಯೂಪಿಎಸ್ ಎಂಬ ಎಕ್ಸ್‌ಟೆನ್ಷನ್ ಮೈಕ್ರೋಸಾಫ್ಟ್ ವರ್ಕ್ಸ್‌ಗೂ ಇದೆ, ಅದಕ್ಕೆ ಯಾವ ಸಂಬಂಧವೂ ಇಲ್ಲದ ಕಿಂಗ್‌ಸಾಫ್ಟ್‌ನ ಬರವಣಿಗೆಯ ತಂತ್ರಾಂಶಕ್ಕೂ ಇದೆ. ಡಬ್ಲ್ಯೂಕೆಎಸ್ ಎಂಬುದು ಲೋಟಸ್‌ನದೂ ಇರಬಹುದು, ವರ್ಕ್ಸ್‌ನದೂ ಇರಬಹುದು. ವರ್ಡ್‌ಸ್ಟಾರ್ ಬಳಸುತ್ತಿದ್ದವರಂತೂ ಎಕ್ಸ್‌ಟೆನ್ಷನ್ ಜಾಗದಲ್ಲಿ ತಮಗೆ ಬೇಕಾದ ಮೂರು ಅಕ್ಷರಗಳನ್ನು, ಎಷ್ಟೋ ಸಲ ತಮ್ಮ ಹೆಸರಿನ ಮೊದಲಕ್ಷರಗಳನ್ನೇ ಹಾಕುತ್ತಿದ್ದರು.

ಆದ್ದರಿಂದ ಕಡತದ ಜಾತಿಯನ್ನು ಅದರ ಒಳಗಿನಿಂದಲೇ ಗುರುತಿಸಬೇಕು. ಹೆಚ್ಚಿನ ತಂತ್ರಾಂಶಗಳು ಕಡತದ ಮೊದಲ ಕೆಲವು ಬೈಟುಗಳಲ್ಲಿ ತಮ್ಮ ಮುದ್ರೆ ಒತ್ತಿರುತ್ತವೆ. ಪಿಡಿಎಫ್ ಕಡತ ಶೇಕಡಾ ಚಿಹ್ನೆ ಮತ್ತು ಪಿಡಿಎಫ್ ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ. ವರ್ಡ್ 2007ರಿಂದ ಬಂದ ಡಾಕ್ಸ್ ಕಡತ ವಾಸ್ತವವಾಗಿ ಒಂದು ಜಿಪ್ ಕಡತವಾದ್ದರಿಂದ ಅದರ ಮೊದಲಿಗೆ ಪಿಕೆ ಎಂದಿರುತ್ತದೆ. ಅದು ಜಿಪ್ ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು. ವರ್ಡ್‌ಪರ್ಫೆಕ್ಟ್‌ನ ಐದನೆಯ ಆವೃತ್ತಿಯಿಂದೀಚಿನ ಕಡತದಲ್ಲಿ ಎರಡನೆಯ ಬೈಟಿನಿಂದ ಡಬ್ಲ್ಯೂಪಿಸಿ ಎಂಬುದು ಕಾಣಿಸುತ್ತದೆ. ಈ ಪರೀಕ್ಷೆಯನ್ನು ಕೈಯಾರೆ ಮಾಡಬೇಕಾಗಿಲ್ಲ. ಬ್ರಿಟನ್ನಿನ ರಾಷ್ಟ್ರೀಯ ದಾಖಲೆ ಸಂಸ್ಥೆಯು ಪ್ರೋನಮ್ ಎಂಬ ಕಡತ-ಸ್ವರೂಪಗಳ ದೊಡ್ಡ ಪಟ್ಟಿಯನ್ನೂ, ಅದನ್ನು ಆಧರಿಸಿ ಕೆಲಸ ಮಾಡುವ ಡ್ರಾಯ್ಡ್ ಎಂಬ ಉಚಿತ ತಂತ್ರಾಂಶವನ್ನೂ ಎಲ್ಲರಿಗೂ ಮುಕ್ತವಾಗಿಟ್ಟಿದೆ. ಇಡೀ ಫೋಲ್ಡರನ್ನು ಅದಕ್ಕೆ ತೋರಿಸಿದರೆ ಯಾವುದು ಏನು ಎಂಬುದರ ಪಟ್ಟಿ ಒಮ್ಮೆಗೇ ಸಿಗುತ್ತದೆ. ವರ್ಡ್‌ಸ್ಟಾರ್‌ನ ಹಳೆಯ ಆವೃತ್ತಿಗಳ ಕಡತಕ್ಕೆ ಇಂಥ ಮುದ್ರೆ ಇಲ್ಲದಿರುವುದರಿಂದ ಕೆಲವು ಸಾಲುಗಳ ಮುಂದೆ ಗುರುತಿಸಲಾಗಲಿಲ್ಲ ಎಂದು ಬಂದೀತು. ಅದಕ್ಕೆ ಗಾಬರಿ ಬೇಡ.

ಇದಕ್ಕೂ ಮುಂಚೆ ಮಾಡಬೇಕಾದ ಕೆಲಸವೊಂದಿದೆ. ಪೆನ್‌ಡ್ರೈವಿನ ಎಲ್ಲ ಕಡತಗಳನ್ನೂ ಎರಡು ಬೇರೆ ಬೇರೆ ಜಾಗಗಳಲ್ಲಿ ನಕಲು ಮಾಡಿ, ಆ ಮೂಲ ಪ್ರತಿಗಳಿಗೆ ಓದಲು ಮಾತ್ರ ಎಂಬ ಗುಣವನ್ನು ಹಚ್ಚಿ, ಅವುಗಳ ಚೆಕ್‌ಸಮ್ (ಕಡತ ಬದಲಾಗಿದೆಯೇ ಎಂದು ಪತ್ತೆಹಚ್ಚಲು ನೆರವಾಗುವ ಲೆಕ್ಕದ ಗುರುತು) ತೆಗೆದಿಟ್ಟುಕೊಂಡು, ಪ್ರಯೋಗಗಳನ್ನೆಲ್ಲ ಮೂರನೆಯ ನಕಲಿನ ಮೇಲೆ ನಡೆಸಿ. ನಾನು ಕಂಡಿರುವ ನಷ್ಟಗಳಲ್ಲಿ ಹೆಚ್ಚಿನವು ಕಾಲದಿಂದ ಆದವಲ್ಲ, ತೆರೆಯುವ ಅವಸರದಲ್ಲಿ ಆದವು. ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡುವುದರಿಂದ ತೊಂದರೆಯಿಲ್ಲ. ಮುಚ್ಚುವಾಗ ಉಳಿಸಬೇಕೇ ಎಂದು ಅದು ಕೇಳಿದ್ದಕ್ಕೆ ಹೌದು ಎಂದರೆ ಅಕ್ಷರಗಳಲ್ಲದ ಬೈಟುಗಳು ಅಳಿಸಿ ಅಥವಾ ಬದಲಾಗಿ ಹೋಗುತ್ತವೆ, ಆಮೇಲೆ ಯಾವ ಪರಿವರ್ತಕವೂ ಅದನ್ನು ಗುರುತಿಸಲಾರದು.

ಈಗ ಒಂದೊಂದಾಗಿ ನೋಡೋಣ. ವರ್ಡ್‌ಸ್ಟಾರ್ 1978ರಲ್ಲಿ ಬಂದ ತಂತ್ರಾಂಶ. ವಿಂಡೋಸ್‌ಗೂ ಮುಂಚಿನ ಡಾಸ್ ವ್ಯವಸ್ಥೆಗೆಂದು ಬಂದ ಅದರ ಕೊನೆಯ ಆವೃತ್ತಿ 1992ರ ಏಳನೆಯದು. ಅದರ ಕಡತದೊಳಗಿನ ಪಠ್ಯ ನೇರವಾದದ್ದೇ ಆಗಿರುವುದರಿಂದ ನಿಮ್ಮ ದಾಖಲೆಗಳಲ್ಲೆಲ್ಲ ಸುಲಭವಾಗಿ ಕೈಗೆ ಸಿಗುವುದು ಇದೇ. ನಾಲ್ಕನೆಯ ಆವೃತ್ತಿಯವರೆಗೆ ಅದು ಸಾಲುಗಳನ್ನು ಸರಿದೂಗಿಸುವ ತನ್ನ ಅನುಕೂಲಕ್ಕಾಗಿ ಪ್ರತಿ ಪದದ ಕೊನೆಯ ಅಕ್ಷರದ ಎಂಟನೆಯ ಬಿಟ್ಟನ್ನು ಏರಿಸಿ, ಅಂದರೆ ಸೊನ್ನೆಯಿಂದ ಒಂದಾಗಿಸಿ, ಇಡುತ್ತಿತ್ತು. ಹಾಗಾಗಿ ಈಗಿನ ಸಂಪಾದಕದಲ್ಲಿ ತೆರೆದರೆ ಪದದ ಉಳಿದ ಅಕ್ಷರಗಳು ಸರಿಯಾಗಿ ಕಂಡು ಕೊನೆಯದು ಮಾತ್ರ ಕೆಟ್ಟಿರುತ್ತದೆ. ಕೊನೆಯಲ್ಲಿ ಇಂಗ್ಲಿಷಿನ ಸಣ್ಣ ಇ ಅಕ್ಷರ ಇರಬೇಕಾದ ಕಡೆಯಲ್ಲೆಲ್ಲ ತಲೆಯ ಮೇಲೆ ಸೊನ್ನೆ ಹೊತ್ತ ಎ ಅಕ್ಷರ ಕಾಣುತ್ತದೆ. ನಿಮ್ಮ ನಡಾವಳಿಗಳಲ್ಲಿ ಇದೇ ಲಕ್ಷಣವಿದ್ದರೆ ಪ್ರತಿ ಬೈಟಿನ ಎಂಟನೆಯ ಬಿಟ್ಟನ್ನು ಇಳಿಸುವ ಪುಟ್ಟ ಸ್ಕ್ರಿಪ್ಟೊಂದು (ಕೆಲವೇ ಆಜ್ಞೆಗಳ ಪ್ರೋಗ್ರಾಂ) ಸಾಕು, ಇಡೀ ಫೋಲ್ಡರ್ ಕ್ಷಣಮಾತ್ರದಲ್ಲಿ ಓದುವಂತಾಗುತ್ತದೆ. ಸಾಲಿನ ಮೊದಲಲ್ಲಿ ಚುಕ್ಕಿಯ ಮುಂದೆ ಎರಡು ಅಕ್ಷರಗಳು ಕಂಡರೆ ಅವು ಪುಟ ಮುರಿಯಲು, ತಲೆಬರಹ ಹಾಕಲು ಕೊಟ್ಟ ಆಜ್ಞೆಗಳು. ಅವನ್ನು ಆಮೇಲೆ ತೆಗೆಯಬಹುದು. ಐದನೆಯ ಆವೃತ್ತಿಯಿಂದ ಮುಂದೆ ಕಡತದ ರಚನೆ ಬದಲಾದ್ದರಿಂದ ಅವಕ್ಕೆ ಈ ಉಪಾಯ ಸಾಲದು. ಅವುಗಳಿಗೆ ಪರಿವರ್ತಕ ಬೇಕು, ಇಲ್ಲವೇ ಡಾಸ್‌ಬಾಕ್ಸ್ ಎಂಬ ಉಚಿತ ಎಮ್ಯುಲೇಟರಿನೊಳಗೆ (ಹಳೆಯ ಕಂಪ್ಯೂಟರಿನಂತೆ ವರ್ತಿಸುವ ತಂತ್ರಾಂಶ) ವರ್ಡ್‌ಸ್ಟಾರನ್ನೇ ನಡೆಸಿ ಅಲ್ಲಿಂದ ಸರಳ ಪಠ್ಯವಾಗಿ ಹೊರತೆಗೆಯಬೇಕು. 64 ಬಿಟ್ಟಿನ ವಿಂಡೋಸ್ ಡಾಸ್ ಕಾಲದ ತಂತ್ರಾಂಶಗಳನ್ನು ನೇರವಾಗಿ ನಡೆಸುವುದಿಲ್ಲವಾದ್ದರಿಂದ ಎಮ್ಯುಲೇಟರ್ ಅನಿವಾರ್ಯ.

ವರ್ಕ್ಸ್ ಕಡತಗಳಿಗೂ ಲೋಟಸ್ ಲೆಕ್ಕಪತ್ರಕ್ಕೂ ಮೊದಲು ಲಿಬ್ರೆಆಫೀಸ್ ಎಂಬ ಉಚಿತ ಕಚೇರಿ ತಂತ್ರಾಂಶವನ್ನು ಹಾಕಿಕೊಂಡು ನೋಡಿ. ನಿಂತುಹೋದ ತಂತ್ರಾಂಶಗಳ ಕಡತಗಳನ್ನು ಬಿಡಿಸಿ ಓದುವುದಕ್ಕೆಂದೇ ಡಾಕ್ಯುಮೆಂಟ್ ಲಿಬರೇಷನ್ ಎಂಬ ಯೋಜನೆ 2014ರಲ್ಲಿ ಪ್ರಕಟವಾಯಿತು. ಆ ಯೋಜನೆಯಲ್ಲಿ ಸಿದ್ಧವಾದ, ಹಳೆಯ ಕಡತ ಓದುವ ತಂತ್ರಾಂಶದ ಭಾಗಗಳು ಲಿಬ್ರೆಆಫೀಸ್‌ನಲ್ಲಿ ಸೇರಿಕೊಂಡಿವೆ. ಹೊಸ ತಂತ್ರಾಂಶ ಹಳೆಯದೆಲ್ಲವನ್ನೂ ತೆರೆದೇ ತೆರೆಯುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ: ಎಕ್ಸೆಲ್ 2007ರಿಂದೀಚೆಗೆ ಲೋಟಸ್ ಕಡತಗಳನ್ನು ತೆರೆಯುವುದೇ ಇಲ್ಲ. ಲಿಬ್ರೆಆಫೀಸ್‌ನಲ್ಲಿ ಲೆಕ್ಕಪತ್ರ ತೆರೆದ ಮೇಲೆ ಮೊತ್ತಗಳನ್ನು ಮಾತ್ರ ನೋಡಿ ತೃಪ್ತರಾಗದೆ, ಮೊತ್ತದ ಕೋಶದಲ್ಲಿ ಸೂತ್ರ ಉಳಿದಿದೆಯೇ ಅಥವಾ ಬರೀ ಸಂಖ್ಯೆಯಾಗಿ ಬಂದಿದೆಯೇ ಎಂದು ಪರೀಕ್ಷಿಸಿ, ಕೆಲವು ವರ್ಷಗಳ ಮುದ್ರಿತ ಜಮಾ-ಖರ್ಚಿನ ಪಟ್ಟಿಯೊಂದಿಗೆ ತಾಳೆ ನೋಡಿ.

ಹಳೆಯ ವರ್ಡ್ ಕಡತಗಳ ವಿಷಯ ಸ್ವಲ್ಪ ಸೂಕ್ಷ್ಮ. ವರ್ಡ್ 97ರಿಂದ 2003ರವರೆಗಿನ ಡಾಕ್ ಕಡತಗಳು ಈಗಲೂ ಸಾಮಾನ್ಯವಾಗಿ ತೆರೆಯುತ್ತವೆ. ಅದಕ್ಕಿಂತ ಹಳೆಯ ವರ್ಡ್ 95, ವರ್ಡ್ 2 ಮುಂತಾದವುಗಳನ್ನು ಈಗಿನ ವರ್ಡ್ ಭದ್ರತೆಯ ಕಾರಣಕ್ಕೆ ಬೇಕೆಂದೇ ತಡೆಯುತ್ತದೆ. ಹಳೆಯ ಸ್ವರೂಪಗಳನ್ನು ಓದುವ ತಂತ್ರಾಂಶದ ಭಾಗಗಳಲ್ಲಿ ದಾಳಿಗೆ ಎಡೆಕೊಡುವ ದೋಷಗಳು ಇದ್ದದ್ದು ಇದಕ್ಕೆ ಕಾರಣ. 1990ರ ದಶಕದ ಉತ್ತರಾರ್ಧವಂತೂ ವರ್ಡ್‌ನ ಮ್ಯಾಕ್ರೋ (ಕಡತದೊಳಗೇ ಅಡಗಿರುವ ಪುಟ್ಟ ಪ್ರೋಗ್ರಾಂ) ವೈರಸ್ಸುಗಳ ಕಾಲ, ಅವುಗಳಲ್ಲಿ ಕೆಲವು ನಿಮ್ಮ ಪೆನ್‌ಡ್ರೈವಿನಲ್ಲೂ ನಿದ್ರಿಸುತ್ತಿರಬಹುದು. ವರ್ಡ್‌ನ ಟ್ರಸ್ಟ್ ಸೆಂಟರಿನಲ್ಲಿ ಫೈಲ್ ಬ್ಲಾಕ್ ಸೆಟ್ಟಿಂಗ್ಸ್ ಎಂಬಲ್ಲಿ ಈ ತಡೆಯನ್ನು ಸಡಿಲಿಸಬಹುದು. ಹಾಗೆ ಮಾಡುವುದಾದರೆ ಪೂರ್ತಿ ತೆಗೆದುಹಾಕದೆ, ಪ್ರೊಟೆಕ್ಟೆಡ್ ವ್ಯೂನಲ್ಲಿ ತೆರೆಯುವ ಆಯ್ಕೆಯನ್ನು ಮಾತ್ರ ಆರಿಸಿ. ಕೆಲಸ ಮುಗಿದ ಮೇಲೆ ಮೊದಲಿನ ಸ್ಥಿತಿಗೆ ತನ್ನಿ. ಲಿಬ್ರೆಆಫೀಸ್‌ನಲ್ಲಿ ಮ್ಯಾಕ್ರೋಗಳನ್ನು ತಡೆದು ತೆರೆಯುವುದು ನನ್ನ ದೃಷ್ಟಿಯಲ್ಲಿ ಇದಕ್ಕಿಂತ ನೆಮ್ಮದಿಯ ದಾರಿ.

ಯಾವುದೂ ತೆರೆಯದಿದ್ದಾಗ ವರ್ಡ್‌ನಲ್ಲಿ ಯಾವುದೇ ಕಡತದಿಂದ ಪಠ್ಯವನ್ನು ಹೆಕ್ಕಿ ತೆಗೆಯುವ ಸೌಲಭ್ಯವೊಂದು ಉಂಟು. ಅದನ್ನು ಬಳಸುವ ಮುನ್ನ ಒಂದು ಮಾತು, ಏಕೆಂದರೆ ನಿಮ್ಮ ಕೈಯಲ್ಲಿರುವುದು ಸಂಘದ ಅಧಿಕೃತ ದಾಖಲೆ. ಆ ಕಾಲದ ವರ್ಡ್‌ನಲ್ಲಿ ಫಾಸ್ಟ್ ಸೇವ್ ಎಂಬ ಅನುಕೂಲವಿತ್ತು. ಕಡತವನ್ನು ಪೂರ್ತಿ ಮರಳಿ ಬರೆಯುವ ಬದಲು ಮಾಡಿದ ತಿದ್ದುಪಡಿಗಳನ್ನು ಮಾತ್ರ ಅದು ಕೊನೆಗೆ ಸೇರಿಸುತ್ತಿತ್ತು. ಅಳಿಸಿದ ವಾಕ್ಯಗಳು ಪರದೆಯ ಮೇಲೆ ಕಾಣದಿದ್ದರೂ ಕಡತದೊಳಗೆ ಉಳಿಯುತ್ತಿದ್ದವು. ಪಠ್ಯವನ್ನು ಕಚ್ಚಾ ರೂಪದಲ್ಲಿ ಹೆಕ್ಕಿದಾಗ ಈ ಅಳಿಸಿದ ವಾಕ್ಯಗಳೂ ಎದ್ದುಬರುತ್ತವೆ, ಅನುಕ್ರಮವೂ ಕಲಸಿಹೋಗುತ್ತದೆ. ಕರಡಿನಲ್ಲಿ ಕೈಬಿಟ್ಟಿದ್ದ ಒಂದು ಸಾಲನ್ನು ಕಳುಹಿಸಿದ ಪತ್ರದ ಭಾಗವೆಂದೇ ಯಾರಾದರೂ ಓದಿಬಿಟ್ಟರೆ ಆಗುವ ಗೊಂದಲವನ್ನು ನೀವೇ ಊಹಿಸಿಕೊಳ್ಳಬಹುದು. ಹೀಗೆ ಪಡೆದ ಪಠ್ಯದ ತಲೆಯ ಮೇಲೆ ಅದನ್ನು ಹೇಗೆ ತೆಗೆಯಲಾಯಿತು ಎಂಬ ಟಿಪ್ಪಣಿಯನ್ನು ತಪ್ಪದೆ ಬರೆಯಿರಿ.

ಪೇಜ್‌ಮೇಕರ್ ಸಂಚಿಕೆಗಳೇ ಎಲ್ಲಕ್ಕಿಂತ ಹೆಚ್ಚು ಶ್ರಮ ಕೇಳುವಂಥವು. ಆಲ್ಡಸ್ ಕಂಪನಿ 1985ರಲ್ಲಿ ಹೊರತಂದ ಈ ತಂತ್ರಾಂಶ 1994ರಲ್ಲಿ ಅಡೋಬಿಯ ಕೈಸೇರಿತು. 2001ರ ಏಳನೆಯ ಆವೃತ್ತಿಯೇ ಕೊನೆಯದು. ಅದರ ಉತ್ತರಾಧಿಕಾರಿಯಾದ ಇನ್‌ಡಿಸೈನ್, ಸಿಎಸ್6 ಆವೃತ್ತಿಯವರೆಗೆ ಪೇಜ್‌ಮೇಕರ್ 6 ಮತ್ತು ಅದರ ನಂತರದ ಕಡತಗಳನ್ನು ತೆರೆಯುತ್ತಿತ್ತು. ಈಗ ಚಂದಾ ಕಟ್ಟಿ ಪಡೆಯುವ ಆವೃತ್ತಿಗಳು ತೆರೆಯುವುದಿಲ್ಲ. ಯಾವುದಾದರೂ ಮುದ್ರಣಾಲಯದಲ್ಲಿ ಅಥವಾ ಡಿಟಿಪಿ ಕೇಂದ್ರದಲ್ಲಿ ಪರವಾನಗಿಯಿರುವ ಸಿಎಸ್6 ಇನ್ನೂ ನಡೆಯುತ್ತಿದ್ದರೆ ಅದೇ ಎಲ್ಲಕ್ಕಿಂತ ಒಳ್ಳೆಯ ದಾರಿ: ಅಲ್ಲಿ ತೆರೆದು, ಐಡಿಎಂಎಲ್ ರೂಪದಲ್ಲಿ ಉಳಿಸಿದರೆ ಹೊಸ ಇನ್‌ಡಿಸೈನ್ ಅದನ್ನು ಒಪ್ಪಿಕೊಳ್ಳುತ್ತದೆ. ಲಿಬ್ರೆಆಫೀಸ್ ಡ್ರಾ ಕೂಡ 4.4 ಆವೃತ್ತಿಯಿಂದ ಪೇಜ್‌ಮೇಕರ್ ಕಡತಗಳನ್ನು ತೆರೆಯುತ್ತದೆ, ಆದರೆ ಪುಟವಿನ್ಯಾಸ ಯಥಾವತ್ತಾಗಿ ಬರುತ್ತದೆಂದು ನಿರೀಕ್ಷಿಸಬೇಡಿ. ಚಿತ್ರಗಳ ವಿಷಯದಲ್ಲೂ ಎಚ್ಚರ ಬೇಕು. ದೊಡ್ಡ ಚಿತ್ರಗಳನ್ನು ಪೇಜ್‌ಮೇಕರ್ ಸಾಮಾನ್ಯವಾಗಿ ತನ್ನೊಳಗೆ ಇಟ್ಟುಕೊಳ್ಳದೆ ಹೊರಗಿನ ಕಡತಕ್ಕೆ ಕೊಂಡಿ ಹಾಕಿಕೊಳ್ಳುತ್ತಿತ್ತು. ಅದೇ ಫೋಲ್ಡರಿನಲ್ಲಿ ಟಿಫ್ ಅಥವಾ ಇಪಿಎಸ್ ಕಡತಗಳು ಇಲ್ಲದಿದ್ದರೆ ಮಸುಕಾದ ಮುನ್ನೋಟವಷ್ಟೇ ಉಳಿದಿರುತ್ತದೆ.

ಕಡತ ತೆರೆದ ಮೇಲೂ ಕನ್ನಡದ ಜಾಗದಲ್ಲಿ ವಿಚಿತ್ರ ರೋಮನ್ ಅಕ್ಷರಗಳು ಕಾಣುತ್ತವೆ ಎಂಬುದು ನಿಮ್ಮ ಮುಂದಿನ ದೂರು ಆಗಲಿದೆ. ಅದಕ್ಕೂ ಈಗಲೇ ಉತ್ತರ ಹೇಳಿಬಿಡುತ್ತೇನೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಪ್ರತ್ಯೇಕ ಸಂಖ್ಯೆ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುಂಚೆ ಕನ್ನಡದ ತಂತ್ರಾಂಶಗಳು ರೋಮನ್ ಅಕ್ಷರಗಳ ಸಂಖ್ಯೆಗಳನ್ನೇ ಕಡತದಲ್ಲಿ ಬರೆದು, ಆ ಸಂಖ್ಯೆಗಳಿಗೆ ಕನ್ನಡದ ಚಿತ್ರಗಳನ್ನು ಫಾಂಟ್‌ನಲ್ಲಿ ಜೋಡಿಸುತ್ತಿದ್ದವು. ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಕ ಎಂಬ ಅಕ್ಷರ ಕಡತದೊಳಗೆ ದೊಡ್ಡ ಪಿ ಮತ್ತು ನೆತ್ತಿಯ ಮೇಲೆ ಓರೆಗೆರೆಯಿರುವ ದೊಡ್ಡ ಎ ಎಂಬ ಎರಡು ಅಕ್ಷರಗಳಾಗಿ ಕುಳಿತಿರುತ್ತದೆ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಈ ರೋಮನ್ ಅಕ್ಷರಗಳು. ಆದ್ದರಿಂದ ಮೊದಲು ಹಳೆಯ ಫಾಂಟ್ ಕಡತಗಳನ್ನು ಹುಡುಕಬೇಕು. ಸಂಘದ ಹಳೆಯ ಕಂಪ್ಯೂಟರ್ ಎಲ್ಲಾದರೂ ಮೂಲೆಯಲ್ಲಿದ್ದರೆ ಗುಜರಿಗೆ ಹಾಕುವ ಮುಂಚೆ ಅದರ ಫಾಂಟ್ಸ್ ಫೋಲ್ಡರನ್ನು ಇಡಿಯಾಗಿ ನಕಲು ಮಾಡಿಕೊಳ್ಳಿ. ಟೈಪ್ 1 ಜಾತಿಯ ಫಾಂಟ್‌ಗಳಿಗೆ ಅಡೋಬಿ 2023ರ ಜನವರಿಯಲ್ಲಿ ಬೆಂಬಲ ನಿಲ್ಲಿಸಿದೆಯಾದ್ದರಿಂದ ಅಂಥವಕ್ಕೆ ಹಳೆಯ ಆವೃತ್ತಿಯ ತಂತ್ರಾಂಶವೇ ಬೇಕಾಗುತ್ತದೆ.

ಫಾಂಟ್ ಸಿಕ್ಕರೆ ಕಣ್ಣಿಗೆ ಕನ್ನಡ ಕಾಣುತ್ತದೆ, ಆದರೆ ಅದರಲ್ಲಿ ಒಂದು ಪದವನ್ನೂ ಹುಡುಕಲಾಗದು. ಹುಡುಕುವಂತಾಗಬೇಕಾದರೆ ಯೂನಿಕೋಡಿಗೆ ಪರಿವರ್ತಿಸಬೇಕು. ನುಡಿ, ಬರಹ, ಶ್ರೀಲಿಪಿ ಹೀಗೆ ಯಾವುದರಲ್ಲಿ ಬೆರಳಚ್ಚಾಗಿದೆಯೋ ಅದಕ್ಕೆ ಹೊಂದುವ ಪರಿವರ್ತಕವನ್ನೇ ಬಳಸಬೇಕು. ಇಲ್ಲಿ ಬಹಳ ಮಂದಿ ಜಾರುವ ಒಂದು ಹೆಜ್ಜೆಯಿದೆ: ಮೊದಲು ಸರಳ ಪಠ್ಯವಾಗಿ ಉಳಿಸಿ, ಆಮೇಲೆ ಪರಿವರ್ತಕಕ್ಕೆ ಕೊಡುವುದು. ಸರಳ ಪಠ್ಯವಾದ ಕ್ಷಣವೇ ಯಾವ ಪದ ಯಾವ ಫಾಂಟ್‌ನಲ್ಲಿತ್ತು ಎಂಬ ಮಾಹಿತಿ ಅಳಿದುಹೋಗುತ್ತದೆ, ಕನ್ನಡದ ನಡುವೆ ಬಂದಿದ್ದ ನಿಜವಾದ ಇಂಗ್ಲಿಷ್ ಪದಗಳನ್ನೂ ಪರಿವರ್ತಕ ಕನ್ನಡವೆಂದೇ ಭಾವಿಸಿ ಅರ್ಥವಿಲ್ಲದ ಅಕ್ಷರಗಳಾಗಿಸುತ್ತದೆ. ಫಾಂಟ್ ಮಾಹಿತಿ ಉಳಿಯುವ ಆರ್‌ಟಿಎಫ್ ಅಥವಾ ಡಾಕ್ಸ್ ರೂಪದಲ್ಲಿ ತೆಗೆದು, ಕನ್ನಡ ಫಾಂಟ್ ಇರುವ ಭಾಗಗಳನ್ನು ಮಾತ್ರ ಪರಿವರ್ತಿಸಿ. ಪರಿವರ್ತನೆಯಾದ ಮೇಲೆ ಅರ್ಕಾವತ್ತನ್ನು ವಿಶೇಷವಾಗಿ ನೋಡಿ. ವರ್ಷ ಎಂಬ ಪದದ ಹಳೆಯ ರೂಪದಲ್ಲಿ ವ, ಷ, ಆಮೇಲೆ ಅರ್ಕಾವತ್ತು ಎಂಬ ಕ್ರಮವಿರುತ್ತದೆ. ಯೂನಿಕೋಡಿನಲ್ಲಿ ಅರೆ ರಕಾರ ಷಕಾರಕ್ಕಿಂತ ಮೊದಲು ಬರಬೇಕು. ಈ ಸ್ಥಾನಪಲ್ಲಟದಲ್ಲಿ ಪರಿವರ್ತಕ ಎಡವಿದರೆ ರಕಾರ ಪಕ್ಕದ ಅಕ್ಷರಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಸೊನ್ನೆ ಅಂಕಿ ಮತ್ತು ಅನುಸ್ವಾರ ಅದಲುಬದಲಾಗುವುದೂ ಉಂಟು, ಬೆರಳಚ್ಚು ಮಾಡಿದವರೇ ಒಂದರ ಬದಲು ಇನ್ನೊಂದನ್ನು ಒತ್ತಿದ್ದರೆ ಮತ್ತಷ್ಟು.

ಪಿಡಿಎಫ್ ಮಾಡಿಟ್ಟರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಪುಟದ ರೂಪ ಉಳಿಸಲು ಅದು ಉತ್ತಮ ಸಾಧನ. ದೀರ್ಘಕಾಲದ ಸಂಗ್ರಹಕ್ಕೆಂದೇ 2005ರಲ್ಲಿ ಮಾನಕವಾದ ಪಿಡಿಎಫ್‌-ಎ ಎಂಬ ಬಗೆಯಲ್ಲಿ ಫಾಂಟ್‌ಗಳೂ ಒಳಗೇ ಸೇರಿರುತ್ತವೆ. ಆದರೆ ಹಳೆಯ ಫಾಂಟ್‌ನಿಂದ ಮಾಡಿದ ಪಿಡಿಎಫ್‌ನಿಂದ ಒಂದು ಸಾಲು ನಕಲು ಮಾಡಿ ಬೇರೆಡೆ ಅಂಟಿಸಿ ನೋಡಿ, ಅದೇ ರೋಮನ್ ಅಕ್ಷರಗಳು ಬಂದು ಬೀಳುತ್ತವೆ. ಸಂಚಿಕೆಗಳಿಗೆ ಎರಡನ್ನೂ ಮಾಡಿಡಿ: ರೂಪಕ್ಕೆ ಪಿಡಿಎಫ್‌-ಎ, ಪಠ್ಯಕ್ಕೆ ಯೂನಿಕೋಡಿನಲ್ಲಿರುವ ಒಡಿಟಿ ಅಥವಾ ಡಾಕ್ಸ್. ಮೂಲ ಕಡತವನ್ನು ಮಾತ್ರ ಎಂದೂ ಅಳಿಸಬೇಡಿ, ನಾಳೆ ಇದಕ್ಕಿಂತ ಉತ್ತಮ ಪರಿವರ್ತಕ ಬಂದರೆ ಮರಳಿ ಪ್ರಯತ್ನಿಸಲು ಅದೇ ಬೇಕು.

ಆನ್‌ಲೈನ್ ಪರಿವರ್ತಕಗಳ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಎಂದೋ ಪ್ರಕಟವಾಗಿ ಎಲ್ಲರ ಕೈಗೂ ಹೋಗಿರುವ ಸಂಚಿಕೆಯನ್ನು ಅಲ್ಲಿಗೆ ಹಾಕುವುದರಿಂದ ದೊಡ್ಡ ನಷ್ಟವಿಲ್ಲ. ನಡಾವಳಿ, ಸದಸ್ಯರ ವಿಳಾಸಗಳಿರುವ ಪತ್ರ, ಲೆಕ್ಕಪತ್ರ ಇವನ್ನು ಯಾರದೋ ಸರ್ವರಿಗೆ ಏರಿಸುವ ಹಕ್ಕು ಕಾರ್ಯದರ್ಶಿಗೂ ಇಲ್ಲ ಎಂದೇ ನಾನು ಭಾವಿಸುತ್ತೇನೆ. ಅದೂ ಅಲ್ಲದೆ ಆ ತಾಣಗಳಲ್ಲಿ ಬಹಳಷ್ಟು ನೀವು ಮನೆಯಲ್ಲೇ ಉಚಿತವಾಗಿ ನಡೆಸಬಹುದಾದ ಲಿಬ್ರೆಆಫೀಸ್‌ನಂಥ ತಂತ್ರಾಂಶವನ್ನೇ ತೆರೆಮರೆಯಲ್ಲಿ ಬಳಸುತ್ತವೆ.

ಹಳೆಯ ವಿಂಡೋಸನ್ನೇ ವರ್ಚುವಲ್‌ಬಾಕ್ಸ್‌ನೊಳಗೆ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಅನುಕರಿಸುವ ತಂತ್ರಾಂಶ) ಸ್ಥಾಪಿಸಿ ಅಲ್ಲಿ ಪೇಜ್‌ಮೇಕರ್ ನಡೆಸುವುದು ಕೊನೆಯ ಅಸ್ತ್ರ. ಮೂಲ ತಂತ್ರಾಂಶದ ಡಿಸ್ಕೂ ಪರವಾನಗಿಯೂ ನಿಮ್ಮಲ್ಲಿದ್ದರೆ ಪುಟಗಳು ಅಂದು ಇದ್ದಂತೆಯೇ ಕಾಣುವುದು ಈ ದಾರಿಯಲ್ಲಿ ಮಾತ್ರ. ಅಂಥ ವಿಂಡೋಸ್‌ಗೆ ಭದ್ರತಾ ತಿದ್ದುಪಡಿಗಳು ನಿಂತು ಎಷ್ಟೋ ಕಾಲವಾಗಿರುವುದರಿಂದ ಅದಕ್ಕೆ ಅಂತರ್ಜಾಲ ಸಂಪರ್ಕ ಕೊಡಲೇಬಾರದು. ಬಿಟ್ಟಿ ಸಿಗುತ್ತದೆಂದು ಗುರುತಿಲ್ಲದ ತಾಣಗಳಿಂದ ಹಳೆಯ ತಂತ್ರಾಂಶ ಇಳಿಸಿಕೊಳ್ಳುವುದರಲ್ಲಿ ಕಾನೂನಿನ ತೊಡಕೂ ಇದೆ, ವೈರಸ್ಸಿನ ಅಪಾಯವೂ ಇದೆ.

ಎಲ್ಲಕ್ಕೂ ಇಷ್ಟು ಶ್ರಮ ಬೇಕೇ ಎಂಬುದನ್ನು ಕಡತದ ಪಟ್ಟಿ ಕೈಗೆ ಬಂದ ಮೇಲೆ ಸಮಿತಿಯಲ್ಲಿ ಕುಳಿತು ತೀರ್ಮಾನಿಸಿ. ಸಂಚಿಕೆಯ ಮುದ್ರಿತ ಪ್ರತಿ ಕಪಾಟಿನಲ್ಲಿದ್ದರೆ ಅದನ್ನು ಸ್ಕ್ಯಾನ್ ಮಾಡಿ ಟೆಸ್ಸರಾಕ್ಟ್‌ನಂಥ ಉಚಿತ ಓಸಿಆರ್‌ನಿಂದ (ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ತಂತ್ರಾಂಶ) ಕನ್ನಡ ಪಠ್ಯ ಪಡೆಯುವುದು ಪೇಜ್‌ಮೇಕರ್ ಕಡತದೊಂದಿಗೆ ಗುದ್ದಾಡುವುದಕ್ಕಿಂತ ಬೇಗ ಮುಗಿಯಬಹುದು; ಎರಡು ಪುಟದ ಪತ್ರವಾದರೆ ನೋಡಿಕೊಂಡು ಬೆರಳಚ್ಚು ಮಾಡುವುದೇ ಸುಲಭ. ನಡಾವಳಿಗಳನ್ನು ನಾನಾದರೆ ಮೊದಲು ಕೈಗೆತ್ತಿಕೊಳ್ಳುತ್ತಿದ್ದೆ, ಅವು ಸುಲಭವೂ ಹೌದು, ಸಂಘಕ್ಕೆ ಹೆಚ್ಚು ಬೆಲೆಯುಳ್ಳವೂ ಹೌದು. ಹೊರತೆಗೆದ ಪಠ್ಯವನ್ನು ಒಬ್ಬರು ಗಟ್ಟಿಯಾಗಿ ಓದುತ್ತಿರಲಿ, ಇನ್ನೊಬ್ಬರು ಸಹಿಯಾಗಿರುವ ನಡಾವಳಿ ಪುಸ್ತಕವನ್ನು ಹಿಡಿದು ತಾಳೆ ನೋಡಲಿ. ಎಲ್ಲಿಯಾದರೂ ವ್ಯತ್ಯಾಸ ಕಂಡರೆ ಸಹಿಯಿರುವ ಪುಸ್ತಕದ ಮಾತೇ ಅಂತಿಮವೆಂದು ಇಟ್ಟುಕೊಂಡು, ಆ ವ್ಯತ್ಯಾಸವನ್ನು ಕಡತದ ಹೆಸರು ಮತ್ತು ಪುಟದ ಸಂಖ್ಯೆಯ ಜೊತೆಗೆ ಪಟ್ಟಿಯಲ್ಲಿ ದಾಖಲಿಸಿ.